ಲೆನ್ಸಿನ ಬೆಲೆ ಮತ್ತು ಗೂಡಿನ ದೂರ

ಹಳ್ಳಿಯ ಯುವಕ ಸಂಘಗಳೂ ಕಾಲೇಜಿನ ಪರಿಸರ ಕೂಟಗಳೂ ಹಕ್ಕಿಗಳ ದಾಖಲಾತಿಗೆಂದು ಕ್ಯಾಮೆರಾ ಕೊಳ್ಳಲು ಮುಂದಾದಾಗ ಎದುರಾಗುವ ಪ್ರಶ್ನೆ ಟೆಲಿಫೋಟೋ ಜೂಮ್ ಲೆನ್ಸಿನದು. ಅಗ್ಗದ್ದು ಸಾಕೆ? ಸಾಲ ಮಾಡಿಯಾದರೂ ದುಬಾರಿಯದನ್ನೇ ಕೊಳ್ಳಬೇಕೆ? ಹೆಚ್ಚಿನ ಹಣ ಯಾವ ಗುಣಕ್ಕೆ ಸಲ್ಲುತ್ತದೆ ಎಂದು ವಿಚಾರಿಸದೆ ಸಂಘದ ಹಣವನ್ನು ವ್ಯಯಿಸುವುದು ಉಚಿತವಲ್ಲ.

ಬಳಕೆಯಲ್ಲಿರುವ ಎರಡು ಬಗೆಗಳನ್ನು ಹೋಲಿಸೋಣ. ಒಂದು, 70–300 ಮಿ.ಮೀ.ನ ಅಗ್ಗದ ಜೂಮ್. ಪೂರ್ತಿ ಚಾಚಿದಾಗ ಇದರ ಅಪರ್ಚರ್ ಸಾಮಾನ್ಯವಾಗಿ ಎಫ್/5.6ಕ್ಕೆ ಕಿರಿದಾಗುತ್ತದೆ. ಇನ್ನೊಂದು, 70–200 ಮಿ.ಮೀ.ನ ಎಫ್/2.8 ಜೂಮ್, ಹೆಸರಾಂತ ಕ್ಯಾಮೆರಾ ಕಂಪನಿಗಳದಾದರೆ ಹೊಸದರ ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ಇದು ನಾಲ್ಕು ಪಟ್ಟು ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಅಗ್ಗದ ಲೆನ್ಸಿಗೆ ಸೆಕೆಂಡಿನ ನೂರನೆಯ ಒಂದಂಶ ಬೇಕಾದಲ್ಲಿ ಇದಕ್ಕೆ ನಾನೂರನೆಯ ಒಂದಂಶ ಸಾಕು. ನಿತ್ಯಹರಿದ್ವರ್ಣ ಕಾಡಿನ ನೆರಳಿನಲ್ಲಿ ಇದು ಸಣ್ಣ ಲಾಭವಲ್ಲ. ಆದರೆ ಇದರ ತೂಕ ಒಂದರಿಂದ ಒಂದೂವರೆ ಕಿಲೋ. ಚಾಚು 200 ಮಿ.ಮೀ.ಗೇ ಮುಗಿಯುತ್ತದೆ. ಅಂದರೆ ಲಕ್ಷ ತೆತ್ತು ನಾವು ಕೊಂಡದ್ದು ಬೆಳಕನ್ನು, ದೂರವನ್ನಲ್ಲ. ಎರಡನ್ನೂ ಕೊಡುವ ಲೆನ್ಸುಗಳ ಬೆಲೆ ಹಲವು ಲಕ್ಷ. ಅವು ನಮ್ಮ ಕೈಗೆಟುಕುವಂಥವಲ್ಲ.

ಇಲ್ಲಿ ದಾಸಮಂಗಟ್ಟೆಯ ಬಾಳನ್ನು ನೆನೆಯಬೇಕು. ಹೆಣ್ಣು ಹಕ್ಕಿ ಮರದ ಪೊಟರೆಯನ್ನು ಸೇರಿ, ಕೊಕ್ಕು ತೂರುವಷ್ಟೇ ಸೀಳನ್ನು ಉಳಿಸಿ ಬಾಯಿ ಮುಚ್ಚಿಕೊಳ್ಳುತ್ತದೆ. ಅದರ ಹೊಟ್ಟೆ ತುಂಬುವುದು ಗಂಡು ತಂದುಣಿಸುವ ಹಣ್ಣಿನಿಂದ. ಮನುಷ್ಯರು ಸಮೀಪ ನಿಂತರೆ ಗಂಡು ಮರಕ್ಕೆ ಬರಲು ಅಂಜುತ್ತದೆ. ಒಳಗಿರುವ ತಾಯಿ, ಮರಿಗಳಿಗೆ ಅಷ್ಟು ಹೊತ್ತು ಉಪವಾಸ. ಸರ್ಕಾರ 2011ರಲ್ಲಿ ದಾಂಡೇಲಿಯಲ್ಲಿ ಮಂಗಟ್ಟೆಗಳಿಗೆಂದೇ ಸಂರಕ್ಷಣಾ ಮೀಸಲನ್ನು ಘೋಷಿಸಿತು. ಆದರೆ ನಮ್ಮೂರ ಸೊಪ್ಪಿನಬೆಟ್ಟದ ಗೂಡುಮರಕ್ಕೆ ನಾವೇ ಕಾವಲು.

ಬೆಳಕಿನ ಕೊರತೆಯನ್ನು ನಾವು ತುಂಬಿಕೊಳ್ಳಬಹುದು. ಬಿಸಿಲೇರುವವರೆಗೆ ಕಾಯಬಹುದು, ಟ್ರೈಪಾಡ್ ಬಳಸಬಹುದು, ಐಎಸ್‌ಓ ಏರಿಸಬಹುದು. ದೂರದ ಕೊರತೆಯನ್ನು ತುಂಬುವುದು ಮಾತ್ರ ನಮ್ಮ ಕಾಲುಗಳು. ಅದರ ಬೆಲೆ ತೆರುವುದು ಹಕ್ಕಿ. ಆದ್ದರಿಂದ ಸಂಘಗಳಿಗೆ ಅಗ್ಗದ, ಆದರೆ 300 ಮಿ.ಮೀ.ವರೆಗೆ ಚಾಚುವ ಲೆನ್ಸೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಅಗ್ಗದ ಲೆನ್ಸಿನ ಚಿತ್ರ 300 ಮಿ.ಮೀ.ನಲ್ಲಿ ತುಸು ಮಂದವಾಗುತ್ತದೆ ಎಂಬ ಆಕ್ಷೇಪ ನಿಜವೇ. ಬೆಳಕಿದ್ದಾಗ ಎಫ್/8ಕ್ಕೆ ಇಳಿಸಿದರೆ ಬಹಳಷ್ಟು ಸುಧಾರಿಸುತ್ತದೆ. ಅಲ್ಲದೆ ದಾಖಲೆಗೆ ಬೇಕಾದದ್ದು ಯಾವ ಹಕ್ಕಿ, ಯಾವ ಮರ, ಯಾವ ದಿನ ಎಂಬ ಖಚಿತತೆಯೇ ಹೊರತು ಕ್ಯಾಲೆಂಡರಿನ ಸೊಬಗಲ್ಲ.

ಕೊಳ್ಳುವಾಗ ಕೈನಡುಕ ತಡೆಯುವ ವ್ಯವಸ್ಥೆ ಇರುವುದನ್ನೇ ಆರಿಸಿ. ಮಿರರ್‌ಲೆಸ್ ಕ್ಯಾಮೆರಾಗಳು ಬಂದ ಮೇಲೆ ಹಳೆಯ ಡಿಎಸ್‌ಎಲ್‌ಆರ್ ಲೆನ್ಸುಗಳು ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ ಸಾಕಷ್ಟು ಸಿಗುತ್ತಿವೆ. ಟಾರ್ಚ್ ಹಿಡಿದು ಗಾಜಿನೊಳಗೆ ಬೂಷ್ಟು ಇದೆಯೇ ನೋಡಿ. ನಮ್ಮ ಮಳೆಗಾಲದ ತೇವಕ್ಕೆ ಅಗ್ಗ, ದುಬಾರಿ ಎಂಬ ಭೇದವಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ಉಳಿದ ಹಣದಲ್ಲಿ ಗಟ್ಟಿಯಾದ ಟ್ರೈಪಾಡ್ ಕೊಳ್ಳಿ. ಅಷ್ಟು ದೂರದಲ್ಲಿ ನಿಂತಾಗಲೂ ಹಕ್ಕಿ ಬೆದರಿದರೆ ಚಿತ್ರದ ಆಸೆ ಬಿಟ್ಟು ಹಿಂದೆ ಸರಿಯಿರಿ.