ನಿಂತ ಜಾಗದ ಲೆಕ್ಕ

ಹವ್ಯಾಸಿಯೊಬ್ಬರು ತೆಗೆದ ಭೂದೃಶ್ಯದ ಫೋಟೊ ಹಿಡಿಸಿದರೆ ನಮ್ಮ ಬಾಯಿಗೆ ಮೊದಲು ಬರುವುದು ‘ಆಹಾ, ಎಂಥ ಜಾಗ!’ ಎಂಬ ಮಾತು. ಮೆಚ್ಚುಗೆಯೆಲ್ಲ ಬೆಟ್ಟಕ್ಕೋ ಹೊಳೆಗೋ ಸಂದುಹೋಗಿ, ತೆಗೆದವರ ಪಾಲಿಗೆ ಅದೃಷ್ಟವಷ್ಟೇ ಉಳಿಯುತ್ತದೆ. ಈ ಹಂಚಿಕೆ ಸರಿಯಲ್ಲ ಎನ್ನಲು ಹಂಪಿಯಲ್ಲೇ ಸಾಕ್ಷಿಯಿದೆ. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಅಲ್ಲಿನ ಹಾಳು ದೇಗುಲ, ಮಂಟಪಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ಮೂಡಿಸಿದರು. ಫೋಟೊಗ್ರಫಿ ಅವರಿಗೆ ಹವ್ಯಾಸ, ಹೊಟ್ಟೆಪಾಡಲ್ಲ. ವಿಠ್ಠಲ ದೇವಾಲಯದ ಕಲ್ಲಿನ ರಥದ ಅವರ ಚಿತ್ರ ನೋಡಬೇಕು. ಆಗಿನ್ನೂ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿತ್ತು. ಬರಿಯ ಬಿಳಿ ಆಕಾಶದ ಮೇಲೆ ಆ ಶಿಖರದ ಅಂಚು ಇದ್ದಿಲಿನಲ್ಲಿ ಗೆರೆ ಎಳೆದ ಹಾಗೆ ಎದ್ದು ಕಾಣುತ್ತದೆ.

ಆ ಬಿಳುಪು ತಂತ್ರದ ಕೊರತೆ, ಅದನ್ನೇಕೆ ಕಲೆ ಎನ್ನಬೇಕು ಎಂದು ಕೇಳುವವರಿದ್ದಾರೆ. ನಿಜ, ಆ ಕಾಲದ ಕಾಗದ ನೀಲಿ ಬೆಳಕಿಗೆ ವಿಪರೀತ ಸ್ಪಂದಿಸುತ್ತಿತ್ತು. ಆಕಾಶದಲ್ಲಿ ಮೋಡ ನಿಲ್ಲುತ್ತಿರಲಿಲ್ಲ. ಆದರೆ ಕೊರತೆ ಎಲ್ಲರಿಗೂ ಒಂದೇ. ಆ ಖಾಲಿ ಜಾಗವನ್ನು ಎಷ್ಟು ಬಿಡಬೇಕು, ಯಾವುದರ ಬೆನ್ನಿಗೆ ಇಡಬೇಕು ಎಂಬುದು ಮಾತ್ರ ಕ್ಯಾಮೆರಾದ ಹಿಂದೆ ನಿಂತವರ ತೀರ್ಮಾನ. ದೊಡ್ಡ ಕ್ಯಾಮೆರಾ ಹೊತ್ತು, ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಕಾಯಬೇಕಾದ ದಿನಗಳಲ್ಲಿ ಆ ತೀರ್ಮಾನ ಹಗುರವಾಗಿರಲು ಸಾಧ್ಯವಿಲ್ಲ.

ಹಂಪಿಯಲ್ಲಿ ಎಲ್ಲಿ ನಿಂತರೂ ಚಿತ್ರವಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಉತ್ತರ ಸಿಕ್ಕಿದ್ದು 1983ರಲ್ಲಿ. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ಮತ್ತೆ ಚಿತ್ರ ತೆಗೆದರು. ಇಂಥ ಹುಡುಕಾಟಕ್ಕೆ ದಿಕ್ಕು ತೋರಿಸುವುದು ಹತ್ತಿರದ ಕಂಬಕ್ಕೂ ದೂರದ ಗುಡ್ಡಕ್ಕೂ ಇರುವ ಸಂಬಂಧ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಕಂಬ ಗುಡ್ಡವನ್ನು ನುಂಗುತ್ತದೆ, ಇಲ್ಲವೇ ಎರಡೂ ದೂರವಾಗುತ್ತವೆ. ಸಂಯೋಜನೆ ಎಂದರೆ ಇದೇ. ಮೊಬೈಲ್ ಪರದೆಯ ಮೇಲಿನ ಅಡ್ಡ-ಉದ್ದ ಗೆರೆಗಳಿಗೆ ದೃಶ್ಯವನ್ನು ಹೊಂದಿಸಿದರೆ ಅದು ತಾನಾಗಿ ಬಂದುಬಿಡುವುದಿಲ್ಲ. ಆ ಕಲ್ಲಿನ ರಥವನ್ನೇ ನೋಡಿ: ಅದರ ಶಿಖರವನ್ನು ಮುಂದೆ ತೆಗೆದುಹಾಕಿದರು. ಇವತ್ತು ಗ್ರೀನ್‌ಲಾ ನಿಂತಲ್ಲೇ ನಿಂತು ಅದೇ ಚೌಕಟ್ಟು ಕಟ್ಟಿದರೆ ಮೇಲ್ಭಾಗ ಬಣಗುಟ್ಟುತ್ತದೆ. ಕಣ್ಣಿರುವ ಹವ್ಯಾಸಿ ಎರಡು ಹೆಜ್ಜೆ ಮುಂದೆ ಬರುತ್ತಾರೆ, ಕ್ಯಾಮೆರಾವನ್ನು ತುಸು ತಗ್ಗಿಸುತ್ತಾರೆ.