ಉತ್ತರದ ಜೊತೆಗೆ ಆಧಾರವನ್ನೂ ಕೇಳೋಣ

ಬೋಧನಾಭ್ಯಾಸದ ಎರಡನೆಯ ವಾರ. ಕರ್ನಾಟಕದಲ್ಲಿ ಎಷ್ಟು ಜಿಲ್ಲೆಗಳಿವೆ ಎಂದು ತಿಳಿದು ಬರೆದುಕೊಂಡು ಬರಲು ಎಂಟನೆಯ ತರಗತಿಯ ಮಕ್ಕಳಿಗೆ ಹೇಳಿದ್ದೆ. ಎಲ್ಲರೂ 31 ಎಂದು ಬರೆದಿದ್ದರು, ಒಬ್ಬ ಹುಡುಗಿ ಮಾತ್ರ 27. ಕೆಂಪು ಶಾಯಿಯಲ್ಲಿ ತಪ್ಪು ಹಾಕಿದೆ. “ಲೈಬ್ರರಿ ಪುಸ್ತಕದಲ್ಲಿ ಹಾಗೇ ಇದೆ ಮಿಸ್” ಎಂದಳು.

ಪುಸ್ತಕ ತರಿಸಿ ನೋಡಿದೆ. ಅದು 2000ದಲ್ಲಿ ಅಚ್ಚಾದದ್ದು. 1997ರಲ್ಲಿ ಏಳು ಹೊಸ ಜಿಲ್ಲೆಗಳಾದಾಗ ಒಟ್ಟು 27 ಆಗಿದ್ದವು. ರಾಮನಗರ, ಚಿಕ್ಕಬಳ್ಳಾಪುರ, ಯಾದಗಿರಿ, ಕೊನೆಗೆ 2021ರಲ್ಲಿ ವಿಜಯನಗರ ಸೇರಿ 31 ಆದದ್ದು ಆಮೇಲೆ. ಪುಸ್ತಕ ಸುಳ್ಳು ಹೇಳಿರಲಿಲ್ಲ. ಉಳಿದವರನ್ನು “ಎಲ್ಲಿ ನೋಡಿದಿರಿ?” ಎಂದು ಕೇಳಿದರೆ ಉತ್ತರವಿಲ್ಲ. ಒಂದೇ ನೋಟ್‌ಬುಕ್ಕು ತರಗತಿಯೆಲ್ಲ ಸುತ್ತಿತ್ತು. ನಿಜವಾಗಿ ಹುಡುಕಿದ ಒಬ್ಬಳಿಗೇ ನಾನು ತಪ್ಪು ಹಾಕಿದ್ದೆ.

ಮಕ್ಕಳಿಗೆ ಹುಡುಕುವುದನ್ನು ನಾವು ಕಲಿಸುತ್ತಿಲ್ಲ. ಮುದ್ರಣದ ವರ್ಷ ಎಲ್ಲಿರುತ್ತದೆ, ಪರಿವಿಡಿಗೂ ಪುಸ್ತಕದ ಕೊನೆಯ ಪದಸೂಚಿಗೂ ಏನು ವ್ಯತ್ಯಾಸ ಎಂದು ತೋರಿಸಿಕೊಡಲು ಒಂದು ಅವಧಿ ಸಾಕು. ಗೋಡೆಯ ವರ್ಣಮಾಲೆಯಲ್ಲಿ ‘ಕ್ಷ’ ಕೊನೆಗಿರುವುದರಿಂದ ‘ಕ್ಷಾಮ’ ಪದವನ್ನು ಮಕ್ಕಳು ನಿಘಂಟಿನ ಕೊನೆಯಲ್ಲಿ ಹುಡುಕುತ್ತಾರೆ. ಅದು ‘ಕ’ಕಾರದಲ್ಲಿ ಬರುವ ಒತ್ತಕ್ಷರ ಎಂದು ಹೇಳಿದವರು ಯಾರು?

ಓದುಗನ ಸಮಯ ಉಳಿಸಬೇಕು ಎಂಬುದು 1931ರಲ್ಲಿ ಎಸ್. ಆರ್. ರಂಗನಾಥನ್ ಅವರು ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲೊಂದು. ಶಾಲೆಯಲ್ಲಿ ಮಾತ್ರ ಮೊದಲು ಸ್ವಲ್ಪ ಸಮಯ ಖರ್ಚು ಮಾಡಲೇಬೇಕು ಎಂಬುದು ನನ್ನ ಅನಿಸಿಕೆ. ಮಗು ಪ್ರಶ್ನೆ ತಂದಾಗ ಉತ್ತರ ಕೊಟ್ಟು ಕಳಿಸಿದರೆ ಆ ದಿನದ ಕೆಲಸ ಮುಗಿಯಿತು. ಕಪಾಟಿನ ಮುಂದೆ ನಿಲ್ಲಿಸಿ, ಯಾವ ಪುಸ್ತಕ, ಯಾವ ಪುಟ ಎಂದು ಜೊತೆಗೇ ಹುಡುಕಿದರೆ ಮುಂದಿನ ಪ್ರಶ್ನೆಗೆ ಅದೇ ದಾರಿ ಕಂಡುಕೊಳ್ಳುತ್ತದೆ. ಈ ಅಭ್ಯಾಸ ನಾಳೆ ಮೊಬೈಲಿನಲ್ಲಿ ಬಂದ ಸಂದೇಶವನ್ನು ನಂಬುವ ಮುನ್ನವೂ ಅದಕ್ಕೆ ನೆರವಾಗುತ್ತದೆ.

ಗ್ರಂಥಪಾಲಕರಿಲ್ಲ, ಪಾಠ ಮುಗಿಯುವುದಿಲ್ಲ ಎಂಬ ಮಾತು ಸುಳ್ಳಲ್ಲ. ಹಲವು ಶಾಲೆಗಳಲ್ಲಿ ಕಪಾಟಿನ ಬೀಗದ ಕೈ ಯಾರೋ ಒಬ್ಬ ಶಿಕ್ಷಕರ ಬಳಿ ಇರುತ್ತದೆ. ಆದರೆ ಒಂದು ನಿಘಂಟು, ಒಂದು ಭೂಪಟ ಪುಸ್ತಕ, ವಿಶ್ವಕೋಶದ ಒಂದು ಸಂಪುಟ ತರಗತಿಗೆ ತರಲು ಹೊಸ ಹುದ್ದೆ ಬೇಕಿಲ್ಲ.

ನಮ್ಮ ಅಭ್ಯಾಸ ಪಾಠಗಳಲ್ಲಿ ಒಂದಾದರೂ ಗ್ರಂಥಾಲಯದಲ್ಲಿ ನಡೆಯಲಿ. ‘ವಿದ್ಯಾರ್ಥಿಯು ಆಧಾರವನ್ನು ತಿಳಿಸಿದನೇ?’ ಎಂಬ ಒಂದು ಸಾಲು ಪಾಠ ವೀಕ್ಷಣಾ ಪತ್ರದಲ್ಲಿ ಸೇರಲಿ. ಅಂಕವಿಲ್ಲದ್ದನ್ನು ನಾವು ಪ್ರಶಿಕ್ಷಣಾರ್ಥಿಗಳೂ ಅಭ್ಯಾಸ ಮಾಡುವುದಿಲ್ಲವಲ್ಲ!

ಆ ಹುಡುಗಿಯ ನೋಟ್‌ಬುಕ್ಕಿನಲ್ಲಿ ತಪ್ಪು ಗುರುತನ್ನು ಹೊಡೆದುಹಾಕಿ ‘27 — 2000ದ ಪುಸ್ತಕದ ಪ್ರಕಾರ ಸರಿ. ಈಗ ಎಷ್ಟು?’ ಎಂದು ಬರೆದೆ. ಮರುದಿನ ಉತ್ತರ ತಂದಳು, ಕೆಳಗೆ ಪುಸ್ತಕದ ಹೆಸರು ಮತ್ತು ವರ್ಷವನ್ನೂ ಬರೆದು.