ಕೊಟ್ಟಿಗೆಯ ಅನಿಲ ಮತ್ತು ಗೊಬ್ಬರಗುಂಡಿಯ ಸೂರು

ಭೂಮಿಯ ತಾಪ ಏರಲು ದನಗಳೂ ಕಾರಣವೆಂಬ ಮಾತು ಮಲೆನಾಡಿನ ಹಳ್ಳಿಗಳಿಗೂ ಬಂದು ಮುಟ್ಟಿದೆ. ಪಟ್ಟಣದವರ ಕುಚೋದ್ಯವೆಂದು ಅದನ್ನು ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲಿ ಸತ್ಯಾಂಶವಿದೆ. ಮನುಷ್ಯನ ಚಟುವಟಿಕೆಗಳಿಂದ ಹೊಮ್ಮುವ ಹಸಿರುಮನೆ ಅನಿಲಗಳಲ್ಲಿ ಪಶುಸಂಗೋಪನೆಯ ಪಾಲು ಸುಮಾರು ಶೇ. 12 ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2023ರಲ್ಲಿ ಅಂದಾಜಿಸಿದೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಕೊಳೆಸುವಾಗ ಹುಟ್ಟುವ ಮೀಥೇನ್ ತೇಗಿನೊಡನೆ ಹೊರಬೀಳುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಪ್ರಬಲ. ಆದರೆ ವಾತಾವರಣದಲ್ಲಿ ಅದರ ಆಯುಷ್ಯ ಸುಮಾರು 12 ವರ್ಷ ಮಾತ್ರ. ಆದ್ದರಿಂದ ಇಂದು ಅದನ್ನು ತಗ್ಗಿಸಿದರೆ, ಇಂದಿನ ವಿದ್ಯಾರ್ಥಿಗಳೇ ಅದರ ಫಲವನ್ನು ಕಂಡಾರು.

ಹಾಗೆಂದು ಕೊಟ್ಟಿಗೆಗಳನ್ನು ಬರಿದುಮಾಡುವುದು ಪರಿಹಾರವಲ್ಲ. ಸಗಣಿ ಗೊಬ್ಬರ ನಿಂತಲ್ಲಿ ಅಡಿಕೆ ತೋಟಕ್ಕೆ ಯೂರಿಯಾ ಬರುತ್ತದೆ. ಅದರ ತಯಾರಿಕೆಗೆ ನೈಸರ್ಗಿಕ ಅನಿಲ ಉರಿಯುತ್ತದೆ. ಲೀಟರು ಹಾಲಿಗೆ ಎಷ್ಟು ಮೀಥೇನ್ ಎಂಬ ಲೆಕ್ಕದಲ್ಲಿ ಮಿಶ್ರತಳಿಯೇ ಮೇಲೆಂಬುದು ನಿಜ. ಆದರೆ ಲಾರಿಯಲ್ಲಿ ಬರುವ ಹಿಂಡಿಯನ್ನೂ, ಮಲೆನಾಡು ಗಿಡ್ಡ ಕೊಡುವ ಗೊಬ್ಬರವನ್ನೂ ಆ ಲೆಕ್ಕ ಎಣಿಸುವುದಿಲ್ಲ.

ತಿದ್ದಬೇಕಾದುದು ಸಾಕುವ ಕ್ರಮವನ್ನು. ದರಗು ಹಾಸಿ ತೆಗೆದ ಒಣ ಗೊಬ್ಬರ ಗಾಳಿಯಾಡುತ್ತ ಕಳಿತಾಗ ಮೀಥೇನ್ ಅತ್ಯಲ್ಪ. ಆದರೆ ಆಷಾಢದ ಮಳೆ ತುಂಬಿದ ತೆರೆದ ಗುಂಡಿಯಲ್ಲಿ, ಅಥವಾ ಸಿಮೆಂಟು ನೆಲ ತೊಳೆದ ಬಗ್ಗಡ ನಿಂತ ಹೊಂಡದಲ್ಲಿ, ಗಾಳಿಯಿಲ್ಲದೆ ಕೊಳೆತು ಮೀಥೇನ್ ಹೊಮ್ಮುತ್ತದೆ. ಗೊಬ್ಬರದ ಸಾರವೂ ಹಳ್ಳಕ್ಕೆ ಹರಿಯುತ್ತದೆ. ಗುಂಡಿಗೊಂದು ಸೂರು ಹಾಕಿದರೆ ಎರಡೂ ನಷ್ಟ ತಗ್ಗುತ್ತವೆ.

ಗೋಬರ್ ಗ್ಯಾಸ್ ಸ್ಥಾವರ ಅದೇ ಅನಿಲವನ್ನು ಒಲೆಗೆ ಒದಗಿಸಿ ಕಾಡಿನ ಸೌದೆಯನ್ನು ಉಳಿಸುತ್ತದೆ. ಆದರೆ ಬಿರುಕುಬಿಟ್ಟ ಸ್ಥಾವರ ಮೀಥೇನನ್ನು ಆಕಾಶಕ್ಕೆ ಬಿಡುವ ಚಿಮಣಿಯೇ ಸರಿ. ಹೊಸದಕ್ಕೆ ಸಹಾಯಧನ ಕೊಡುವಷ್ಟೇ ಆಸಕ್ತಿಯನ್ನು ಸರ್ಕಾರ ಹಳೆಯದರ ದುರಸ್ತಿಗೂ ತೋರಬೇಕು. ಬರಿಯ ಒಣಹುಲ್ಲಿನ ಜೊತೆಗೆ ಹಸಿಮೇವು, ದ್ವಿದಳ ಮೇವು ದೊರೆತರೆ ಪ್ರತಿ ಲೀಟರು ಹಾಲಿನ ಹಿಂದಿನ ಮೀಥೇನ್ ಇಳಿಯುತ್ತದೆ. ಅದಕ್ಕೆ ಗೋಮಾಳ ಒತ್ತುವರಿಯಿಂದ ಉಳಿಯಬೇಕು, ಸೊಪ್ಪಿನ ಬೆಟ್ಟ ಬೋಳಾಗದಿರಬೇಕು.

ಜಗತ್ತಿನ ತಾಪಕ್ಕೆ ನಾಲ್ಕು ದನ ಸಾಕಿದ ರೈತನನ್ನೇ ಹೊಣೆಮಾಡುವುದು ಅನ್ಯಾಯ. ಆದರೆ ತನ್ನ ತೋಟಕ್ಕೂ ಹಿತವಾದ ಕೆಲಸವನ್ನು ಆ ಅನ್ಯಾಯದ ನೆಪದಲ್ಲಿ ಮುಂದೂಡುವುದು ಜಾಣತನವಲ್ಲ. ಗ್ರಾಮಸಭೆಗಳು ಮುಂದಿನ ಮಳೆಗಾಲಕ್ಕೆ ಮೊದಲೇ ಊರಿನ ಗೊಬ್ಬರಗುಂಡಿಗಳನ್ನೂ ಕೆಟ್ಟುನಿಂತ ಸ್ಥಾವರಗಳನ್ನೂ ಎಣಿಸಲಿ. ಆ ಎಣಿಕೆಗೆ ಶಾಲೆಯ ಮಕ್ಕಳೇ ಸಾಕು.